ಅಪ್ಪನ ಟ್ರಿಣ್ ಟ್ರಿಣ್ ಕಾರ್ಡ್

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಸೈಕಲ್ ಸೇವೆ ಆರಂಭವಾದಾಗ, ಸುಮಾರು 450 ಸೈಕಲ್‌ಗಳಿವೆ, ಒಂದು ನಿಲ್ದಾಣದಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡಬಹುದು ಎಂದು ಪತ್ರಿಕೆ ನೋಡಿ ಅಪ್ಪನಿಗೆ ಓದಿ ಹೇಳಿದ್ದೆ. ‘ಅದೆಲ್ಲ ನಿಮ್ಮಂಥ ಹುಡುಗರಿಗೆ’ ಎಂದು ಅವರು ಮಾತು ಮುಗಿಸಿದ್ದರು. ಮೂವತ್ತು ವರ್ಷ ಸೈಕಲ್ ತುಳಿದೇ ಕೆಲಸಕ್ಕೆ ಹೋಗಿಬಂದವರಿಗೆ ಸೈಕಲ್ಲಿನ ಭಯವಿರಲಿಲ್ಲ, ಅಳುಕಿದ್ದದ್ದು ನಿಲ್ದಾಣದಲ್ಲಿ ಸೈಕಲ್ ಹಿಡಿದಿಡುವ ಬೀಗ ಮತ್ತು ಅದನ್ನು ತೆರೆಯುವ ಸ್ಮಾರ್ಟ್ ಕಾರ್ಡ್ ಬಗ್ಗೆ.

ಕೆಲವು ತಿಂಗಳ ನಂತರದ ಒಂದು ಭಾನುವಾರ ಬೆಳಿಗ್ಗೆ, ಹೇಗೋ ಒಪ್ಪಿಸಿ ಅವರ ಹೆಸರಿನಲ್ಲೇ ಮಾಡಿಸಿದ್ದ ಕಾರ್ಡನ್ನು ಕೈಗೆ ಕೊಟ್ಟು, ಅರಮನೆಯ ಬಳಿಯ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ನಾನೇ ಮಾಡಿ ತೋರಿಸಬೇಕೆಂದು ಕೈ ಚಾಚಿದ್ದೆ, ಆದರೆ ಪಕ್ಕದಲ್ಲಿ ಸೈಕಲ್ ತೆಗೆಯುತ್ತಿದ್ದ ಕಾಲೇಜು ಹುಡುಗನೊಬ್ಬ ನನ್ನನ್ನು ತಡೆದು, ‘ಅವ್ರೇ ಮಾಡ್ಲಿ ಬಿಡಿ ಸರ್’ ಎಂದ. ಅಪ್ಪ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ದೇವರಿಗೆ ಹೂವು ಇಡುವ ಹಾಗೆ ಬೀಗದ ಬಳಿ ಮೆಲ್ಲಗೆ ಇಟ್ಟರು. ಬೀಗ ಬಿಟ್ಟುಕೊಂಡ ಸದ್ದು ಕೇಳಿದ ಕೂಡಲೇ ಅವರ ಭುಜ ಸಡಿಲವಾದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಸೀಟಿನ ಎತ್ತರ ಸರಿಮಾಡಿಕೊಳ್ಳಲು, ಬ್ರೇಕ್ ಹಿಡಿದು ನೋಡಲು ಅವರಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಮೃಗಾಲಯದ ಬಳಿ ಸೈಕಲ್ ಬಿಡುವಾಗ ಚಕ್ರ ಬೀಗದೊಳಗೆ ಪೂರ್ತಿ ಸೇರಿರಲಿಲ್ಲ. ಹಿಂದೆಯೇ ಬಂದಿದ್ದ ಅದೇ ಹುಡುಗ, ‘ಸರ್, ಇನ್ನೂ ಸ್ವಲ್ಪ ನೂಕಿ, ಟಕ್ ಅನ್ಬೇಕು. ಇಲ್ದಿದ್ರೆ ಸೈಕಲ್ ನಿಮ್ಮ ಹತ್ರಾನೇ ಇದೆ ಅಂತ ಲೆಕ್ಕ’ ಎಂದು ಹೇಳಿಕೊಟ್ಟ. ನಾನು ಓದಿ ಹೇಳಿದ್ದ ಯಾವ ಸುದ್ದಿಯಲ್ಲೂ ಈ ಮಾತು ಇರಲಿಲ್ಲ.

2015ರಲ್ಲಿ ಆರಂಭವಾದ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ 100 ನಗರಗಳಲ್ಲಿ ದಾವಣಗೆರೆ, ಬೆಳಗಾವಿ, ತುಮಕೂರು ಸೇರಿದಂತೆ ನಮ್ಮ ರಾಜ್ಯದ ಏಳು ಇದ್ದವು, ಮೈಸೂರು ಇರಲಿಲ್ಲ. ಆದರೂ ನಗರದ ತಂತ್ರಜ್ಞಾನ ಜನರ ಕೈಗೆ ಹತ್ತುವುದು ಹೇಗೆ ಎಂಬುದನ್ನು ನಾನು ಕಂಡದ್ದು ಇಲ್ಲೇ. ಪ್ರಚಾರಕ್ಕೆ ಫಲಕ, ಜಾಹೀರಾತು ಬೇಕು, ನಿಜ. ಅದರ ಜೊತೆಗೆ ಮೊದಲ ಸಲ ಕಾರ್ಡ್ ಹಿಡಿದು ಬಂದವರ ಪಕ್ಕದಲ್ಲಿ, ಅವಸರ ಮಾಡದೆ ನಿಲ್ಲುವ ಒಬ್ಬ ಮನುಷ್ಯನೂ ಪ್ರತಿ ನಿಲ್ದಾಣದಲ್ಲಿ ಇರಬೇಕು ಎಂದು ಅಂದಿನಿಂದ ಬಲವಾಗಿ ನಂಬಿದ್ದೇನೆ.

ಮುಂದಿನ ಭಾನುವಾರ ಅಪ್ಪ ನನ್ನನ್ನು ಕರೆಯಲಿಲ್ಲ. ಪಕ್ಕದ ಬೀದಿಯ ತಮ್ಮ ಗೆಳೆಯರೊಬ್ಬರ ಹೆಸರು ನೋಂದಾಯಿಸಲು, ಅವರ ಗುರುತಿನ ಚೀಟಿಯ ನಕಲನ್ನು ಕವರಿನಲ್ಲಿಟ್ಟುಕೊಂಡು, ಇಬ್ಬರೂ ಬೆಳಿಗ್ಗೆಯೇ ಹೊರಟಿದ್ದರು.