ಹುಲ್ಲುಹಾಸಿನ ಧರಣಿ, ಏಪ್ರಿಲ್ ಮಳೆ

2024ರ ಏಪ್ರಿಲ್ 17ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನಲ್ಲಿ ವಿದ್ಯಾರ್ಥಿಗಳು ಗಾಜಾ ಯುದ್ಧ ವಿರೋಧಿಸಿ ಡೇರೆ ಹಾಕಿದರು. ಮರುದಿನ ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಕೆಲವೇ ದಿನಗಳಲ್ಲಿ ಅಮೆರಿಕದ ಹತ್ತಾರು ಕ್ಯಾಂಪಸ್‌ಗಳಲ್ಲಿ ಡೇರೆಗಳೆದ್ದವು. ಅಂಥ ಕಡೆ ಒಂದು ದಿನ ಮಳೆ ಹಿಡಿದುಕೊಂಡರೆ ಏನೇನಾಗುತ್ತದೆ ಎಂಬುದು ಸುದ್ದಿಯಲ್ಲಿ ಅಷ್ಟಾಗಿ ಬರುವುದಿಲ್ಲ.

ಮೊದಲು ಕೈಕೊಡುವುದು ಡೇರೆಯ ಅಡಿ. ಕೆಳಗೆ ಹಾಸುವ ಟಾರ್ಪಾಲು ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಹೊಸಬರು ತಿಳಿಯುತ್ತಾರೆ. ಆಚೆ ಚಾಚಿದ ಅಂಚು ಮಳೆನೀರನ್ನು ಹಿಡಿದು ನೇರ ಮಲಗಿದವರ ಬೆನ್ನಡಿಗೆ ತರುತ್ತದೆ. ಟಾರ್ಪಾಲನ್ನು ಡೇರೆಯ ತಳಕ್ಕಿಂತ ನಾಲ್ಕೂ ಕಡೆ ಐದು ಸೆಂಟಿಮೀಟರಿನಷ್ಟು ಒಳಗೇ ಮಡಚಬೇಕು. ಮೇಲಿನ ಹೊದಿಕೆ ಒಳಬಟ್ಟೆಗೆ ತಾಗಿದಲ್ಲೆಲ್ಲ ನೀರು ಜಿನುಗುತ್ತದೆ. ನೈಲಾನ್ ಒದ್ದೆಯಾದಾಗ ಸಡಿಲಗೊಳ್ಳುವುದರಿಂದ, ಮಳೆ ಶುರುವಾದ ಮೇಲೆ ಹಗ್ಗಗಳನ್ನು ಇನ್ನೊಮ್ಮೆ ಬಿಗಿಯಲೇಬೇಕು. ಚಳಿಗೆ ಹೆದರಿ ಗಾಳಿಗಿಂಡಿ ಮುಚ್ಚಿದರೆ ಉಸಿರಿನ ಹಬೆಯೇ ಒಳಗೆ ತೊಟ್ಟಿಕ್ಕುತ್ತದೆ. ಬೈಸಿಕೊಳ್ಳುವುದು ಮಾತ್ರ ಡೇರೆ. ಸುತ್ತ ಕಾಲುವೆ ತೋಡುವ ಹಳೆಯ ಉಪಾಯ ಇಲ್ಲಿ ಬೇಡ. ಹುಲ್ಲುಹಾಸು ಹಾಳುಮಾಡಿದರೆಂಬ ದೂರನ್ನು ಆಡಳಿತದ ಕೈಗೆ ತಾವೇ ಇತ್ತಂತಾಗುತ್ತದೆ. ನೂರಾರು ಕಾಲು ತುಳಿದ ನೆಲದಲ್ಲಿ ನೀರು ಇಂಗದು, ಹಾಗಾಗಿ ಓಡಾಡುವ ಜಾಗಕ್ಕೆ ಮರದ ಪ್ಯಾಲೆಟ್ ಹಾಸಿದರೆ ಕೆಸರಿನ ಕಾಟ ಅರ್ಧ ಕಡಿಮೆ.

ಫಲಕಗಳದ್ದು ಬೇರೆಯೇ ಗೋಳು. ಸ್ಕೆಚ್ ಪೆನ್ನಿನ ಶಾಯಿ ಹತ್ತು ನಿಮಿಷ ನಿಲ್ಲುವುದಿಲ್ಲ, ಪರ್ಮನೆಂಟ್ ಮಾರ್ಕರ್ ನಿಂತರೂ ರಟ್ಟು ಜೋಲುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಮೇಲಂಚನ್ನು ಒಣಗಿರುವಾಗಲೇ ಟೇಪಿನಿಂದ ಮುಚ್ಚಿ, ಕೆಳಗೆ ನೀರಿಳಿಯಲು ಬಿಡುವುದು ಸರಿಯಾದ ಕ್ರಮ. ಒದ್ದೆ ರಟ್ಟಿಗೆ ಯಾವ ಟೇಪೂ ಅಂಟುವುದಿಲ್ಲ. ಮೆಗಾಫೋನಿನ ಬಾಯಿ ಮೇಲ್ಮುಖವಾಗಿದ್ದರೆ ಬಟ್ಟಲಿನಂತೆ ತುಂಬಿಕೊಳ್ಳುತ್ತದೆ. ಬಳಸದಾಗ ಬೋರಲು ಹಾಕಿಡಬೇಕು. ಎಕ್ಸ್‌ಟೆನ್ಷನ್ ಬೋರ್ಡು ಹುಲ್ಲಿನ ಮೇಲೆ ಬಿದ್ದಿದ್ದರೆ ಚಾರ್ಜಿಂಗಿನ ಆಸೆಯನ್ನೇ ಬಿಡಿ, ಪವರ್ ಬ್ಯಾಂಕ್ ಸಾಕು. ಗುಂಪಿನಲ್ಲಿ ಛತ್ರಿಗಿಂತ ರೇನ್‌ಕೋಟು ವಾಸಿ: ಛತ್ರಿಯ ಕಡ್ಡಿ ಪಕ್ಕದವರ ಕಣ್ಣಿನ ಎತ್ತರಕ್ಕೇ ಬರುತ್ತದೆ.

ಧರಣಿಯಲ್ಲಿಲ್ಲದೆ ಬರೀ ತರಗತಿಗೆ ಹೊರಟವರಿಗೂ ಆ ದಿನ ಸುಲಭವಲ್ಲ. ಗೇಟುಗಳನ್ನು ಮುಚ್ಚಿ ಒಂದೆರಡನ್ನು ಮಾತ್ರ ತೆರೆದಿಟ್ಟಾಗ ಸಾಲು ಮಳೆಯಲ್ಲೇ ನಿಲ್ಲುತ್ತದೆ. ಗುರುತಿನ ಚೀಟಿ ರೇನ್‌ಕೋಟಿನ ಹೊರಜೇಬಿನಲ್ಲಿರಲಿ. ಫೋನಿನಲ್ಲಿ ತೋರಿಸುವೆನೆಂದರೆ ಒದ್ದೆ ಬೆರಳನ್ನು ಅದು ಗುರುತಿಸುವುದಿಲ್ಲ, ಪರದೆಯ ಮೇಲಿನ ಹನಿಗಳೇ ಬಟನ್ ಒತ್ತುತ್ತವೆ. ಜಿಪ್ ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಂಡವರೇ ಪುಣ್ಯವಂತರು.

ವಿದೇಶಿ ವಿದ್ಯಾರ್ಥಿಗಳಿಗೆ ಅಮೆರಿಕ ಕೊಡುವ ಎಫ್-1 ವೀಸಾದಲ್ಲಿರುವವರು ಮಾತ್ರ ಇನ್ನೊಂದು ಲೆಕ್ಕ ಹಾಕಿರಬೇಕು. ಆ ವೀಸಾ ನಿಂತಿರುವುದು ಪೂರ್ಣಾವಧಿ ಓದಿನ ಮೇಲೆ. ಅಮಾನತಾದರೆ ಓದಿನ ಜೊತೆಗೆ ದೇಶದಲ್ಲಿ ಉಳಿಯುವ ಹಕ್ಕಿಗೂ ಕುತ್ತು ಬರಬಹುದು. ಮಳೆಗೆಂದು ಆಸರೆ ಹುಡುಕಿ ಕಟ್ಟಡದೊಳಗೆ ನುಗ್ಗಿದ ಗುಂಪಿನ ಜೊತೆ ಹೋಗುವ ಮುನ್ನ, ಹುಲ್ಲುಹಾಸಿನಲ್ಲಿ ಕೂರುವುದಕ್ಕೂ ಕಟ್ಟಡ ಆಕ್ರಮಿಸುವುದಕ್ಕೂ ವಿಶ್ವವಿದ್ಯಾಲಯದ ನಿಯಮದಲ್ಲಿ ಶಿಕ್ಷೆ ಬೇರೆಬೇರೆ ಇರುತ್ತದೆಯೇ ಎಂದು ನೋಡಿಕೊಳ್ಳಬೇಕು. ಬಂಧನವಾದರೆ ಬೇಕಾಗುವ ವಕೀಲರ ಫೋನ್ ಸಂಖ್ಯೆಯನ್ನು ತೋಳಿನ ಮೇಲೆ ಬರೆದುಕೊಳ್ಳುವುದಾದರೆ ಅದಕ್ಕೂ ಪರ್ಮನೆಂಟ್ ಮಾರ್ಕರೇ ಆಗಬೇಕು.