ಐರ್ಲೆಂಡಿನ ಕೋಟೆ ನೋಡಬೇಕಾ? ಡಬ್ಲಿನ್ ಟೂರ್ ಬಸ್ ಬಿಡಿ, ಕೇರ್ ಊರಿಗೆ ಹೋಗಿ

ಡಬ್ಲಿನ್‌ನಿಂದ ಬೆಳಿಗ್ಗೆ ಕರೆದುಕೊಂಡು ಹೋಗಿ ರಾತ್ರಿ ವಾಪಸ್ ತಂದು ಬಿಡುವ ಕೋಟೆ ಟೂರ್ ಬಸ್ಸುಗಳಿವೆ. ದಯವಿಟ್ಟು ಹತ್ತಬೇಡಿ. ಬ್ಲಾರ್ನಿ ಕೋಟೆ ಇರುವುದು ಕಾರ್ಕ್ ಪಕ್ಕದಲ್ಲಿ, ಅಂದರೆ ಸುಮಾರು 260 ಕಿ.ಮೀ. ದೂರ. ಹೋಗಿ ಬರುವುದರಲ್ಲೇ ದಿನ ಮುಗಿಯಿತು. ನಮ್ಮ ಬಸ್ಸಿನ ಹೀಟರ್ ಕಾಲ ಬುಡದಲ್ಲೇ ಉರಿಯುತ್ತಿತ್ತು, ಕಿಟಕಿ ತೆರೆಯುವ ಹಾಗಿರಲಿಲ್ಲ, ಡ್ರೈವರ್ ಮಹಾಶಯ ದಾರಿಯುದ್ದಕ್ಕೂ ಮೈಕಿನಲ್ಲಿ ಹಾಡುತ್ತಿದ್ದ. ಬಂಡೆಯ ಮೇಲಿನ ಹಳೇ ಕೋಟೆ ರಾಕ್ ಆಫ್ ಕ್ಯಾಶಲ್‌ಗೆ ಕೊಟ್ಟದ್ದು ಮುಕ್ಕಾಲು ಗಂಟೆ, ಅದರಲ್ಲಿ ಟಾಯ್ಲೆಟ್ ಕ್ಯೂ ಕಾಲು ಗಂಟೆ ತಿಂದಿತು. ಎಲ್ಲ ಸೇರಿ ಎಂದು ಹೇಳಿದ್ದ ದರದಲ್ಲಿ ಇಲ್ಲಿನ ಟಿಕೆಟ್ ಸೇರಿಲ್ಲ ಎಂದು ಗೊತ್ತಾಗಿದ್ದು ಗೇಟಿನ ಮುಂದೆ ನಿಂತಾಗ!

ಬ್ಲಾರ್ನಿಯಲ್ಲಿ ಕೋಟೆಯ ತುದಿಯ ಕಲ್ಲಿಗೆ ಮುತ್ತಿಟ್ಟರೆ ಮಾತಿನಲ್ಲಿ ಯಾರೂ ನಿಮ್ಮನ್ನು ಸೋಲಿಸಲಾರರಂತೆ. ಅದಕ್ಕಾಗಿ ಇಕ್ಕಟ್ಟಾದ ಸುತ್ತು ಮೆಟ್ಟಿಲಲ್ಲಿ ಉದ್ದ ಕ್ಯೂ. ಮೇಲೆ ಹೋಗಿ ಅಂಗಾತ ಮಲಗಿ, ಕಬ್ಬಿಣದ ಸರಳು ಹಿಡಿದು, ತಲೆಯನ್ನು ಹಿಂದಕ್ಕೆ ಇಳಿಬಿಡಬೇಕು. ನಮ್ಮ ಮನೆಯವರು "ನಿಮಗೆ ಈಗಲೇ ಮಾತು ಜಾಸ್ತಿ" ಎಂದು ನನ್ನನ್ನು ಕ್ಯೂನಿಂದ ಎಳೆದುಕೊಂಡು ಬಂದರು. ತೋಟ ಚೆನ್ನಾಗಿದೆ, ಆದರೆ ಬಸ್ಸಿನವರು ಅದಕ್ಕೆ ಟೈಮ್ ಕೊಡಬೇಕಲ್ಲ.

ಇದರ ಬದಲು ಟಿಪರರಿ ಕೌಂಟಿಯ ಕೇರ್ ಊರಿನಲ್ಲಿ ರೂಮ್ ಮಾಡಿ. ಬೋರ್ಡಿನ ಸ್ಪೆಲಿಂಗ್ ನೋಡಿ ಕಾಹಿರ್ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಕ್ಯಾಶಲ್ ಇಲ್ಲಿಂದ 18 ಕಿ.ಮೀ. ಅಷ್ಟೇ. ಕೇರ್ ಕೋಟೆ ಊರ ಮಧ್ಯದಲ್ಲೇ, ಶೂರ್ ನದಿಯ ಬಂಡೆಯ ಮೇಲಿದೆ. 1599ರಲ್ಲಿ ಇಂಗ್ಲಿಷ್ ಸೇನಾಪತಿ ಎಸೆಕ್ಸಿನ ಅರ್ಲ್ ಇದಕ್ಕೆ ಫಿರಂಗಿ ಹೊಡೆಸಿದ. ಆಗಿನ ಗುಂಡು ಇನ್ನೂ ಗೋಡೆಯಲ್ಲಿ ಸಿಕ್ಕಿಕೊಂಡಿದೆ, ಎಲ್ಲಿ ಎಂದು ಅಲ್ಲಿನ ಗೈಡನ್ನೇ ಕೇಳಿ. 1650ರಲ್ಲಿ ಇನ್ನೊಬ್ಬ ಇಂಗ್ಲಿಷ್ ಸೇನಾಪತಿ ಕ್ರಾಮ್‌ವೆಲ್ ಬಂದಾಗ ಒಳಗಿದ್ದವರು ಜಗಳವಾಡದೆ ಕೋಟೆ ಬಿಟ್ಟುಕೊಟ್ಟರು. ಹಾಗಾಗಿಯೇ ಇದು ಇಡಿಯಾಗಿ ಉಳಿದಿದೆ. ಜನ ಇಲ್ಲದ ಹೊತ್ತಿನಲ್ಲಿ ಗೋಡೆ ಮೇಲೆಲ್ಲ ಓಡಾಡಿದೆವು. ನಾವು ಹೋದಾಗ ಟಿಕೆಟ್ 5 ಯೂರೋ, ಕ್ಯಾಶಲ್‌ಗೆ 8. ಸರ್ಕಾರಿ ಸ್ಮಾರಕಗಳಿಗೆ ಟಿಕೆಟ್ ಬದಲು ನಡೆಯುವ ಹೆರಿಟೇಜ್ ಕಾರ್ಡಿಗೆ ಆಗ 40 ಯೂರೋ, ತುಂಬ ಜಾಗ ನೋಡುವವರಿಗೆ ಮಾತ್ರ ಲಾಭ. ಬ್ಲಾರ್ನಿ, ಬನ್‌ರಾಟಿ ಕೋಟೆಗಳಲ್ಲಿ ಅದು ನಡೆಯುವುದಿಲ್ಲ.

ನದಿ ಪಕ್ಕದ ಕಾಲುದಾರಿಯಲ್ಲಿ ಸುಮಾರು ಎರಡು ಕಿ.ಮೀ. ನಡೆದರೆ ಸ್ವಿಸ್ ಕಾಟೇಜ್. ಹಳ್ಳಿಯವರ ಹಾಗೆ ಬದುಕುವ ಆಟ ಆಡಲು ಶ್ರೀಮಂತರು ಕಟ್ಟಿಸಿಕೊಂಡ ಹುಲ್ಲು ಮಾಡಿನ ಮನೆ ಅದು. ನಗು ಬಂತು, ಆದರೂ ನೋಡಿ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಊಟದ ವಿಷಯಕ್ಕೆ ಬರೋಣ. ನಾವು ಸಸ್ಯಾಹಾರಿಗಳು, ಬ್ಯಾಗಿನಲ್ಲಿ ಚಟ್ನಿಪುಡಿ ಇಟ್ಟುಕೊಂಡೇ ಹೋಗಿದ್ದೆವು. ಕೇರ್‌ನ ಚೌಕದ ಹತ್ತಿರ ಆರೇಳು ಮೇಜಿನ ಒಂದು ಪುಟ್ಟ ಕೆಫೆ. ಕ್ಯಾರೆಟ್ ಸೂಪು, ಜೊತೆಗೆ ಸೋಡಾ ಬ್ರೆಡ್. ಯೀಸ್ಟ್ ಇಲ್ಲದೆ ಮಜ್ಜಿಗೆ, ಸೋಡಾ ಹಾಕಿ ಬೇಯಿಸಿದ ಕಂದು ಬ್ರೆಡ್ ಅದು. ಒರಟು ಹಿಟ್ಟು, ತುಸು ಹುಳಿ, ಅಂಚು ಗರಿಗರಿ. ಮೇಲೆ ಹಳದಿ ಉಪ್ಪು ಬೆಣ್ಣೆ. ಚಟ್ನಿಪುಡಿ ಉದುರಿಸಿ ತಿಂದೆ, ಸ್ವರ್ಗ! ನಡೆಸುವ ಹೆಂಗಸು ಕೇಳದೇ ಇನ್ನೆರಡು ತುಂಡು ತಂದಿಟ್ಟರು. ದೊಡ್ಡ ಕೆಟಲ್ ತುಂಬ ಗಟ್ಟಿ ಟೀ, ಬೇಕಾದಷ್ಟು ಹಾಲು. ಇಷ್ಟಕ್ಕೆ ತಲೆಗೆ 8 ಯೂರೋ. ಉಳಿದ ದಿನವೂ ಮಧ್ಯಾಹ್ನ ಅಲ್ಲೇ. ತರಕಾರಿ ಸೂಪು ಎಂದರೂ ಒಳಗೆ ಚಿಕನ್ ಸ್ಟಾಕ್ ಇರಬಹುದು, ಎಲ್ಲಿ ಹೋದರೂ ಕೇಳಿಯೇ ತಿನ್ನಿ. ಸಂಜೆ ಕೆಫೆ ಬೇಗ ಮುಚ್ಚುತ್ತದೆ, ಆಮೇಲೆ ಪಬ್ಬಿನ ಚಿಪ್ಸೇ ಗತಿ.

ಚಂದದ ಹಳ್ಳಿ ಎಂದು ಎಲ್ಲರೂ ಕಳಿಸುವ ಅಡೇರ್‌ನಲ್ಲಿ ಒಂದು ರಾತ್ರಿಗೆ 190 ಯೂರೋ ಕಿತ್ತರು. ಕಿಟಕಿ ಹೆದ್ದಾರಿಗೆ, ಲಾರಿ ಸದ್ದಿಗೆ ನಿದ್ದೆಯಿಲ್ಲ. ಹುಲ್ಲು ಮಾಡಿನ ಮನೆಗಳಲ್ಲಿ ಈಗ ಇರುವುದು ಹೋಟೆಲು, ಅಂಗಡಿಗಳು. 2027ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ರೈಡರ್ ಕಪ್ ಗಾಲ್ಫ್ ಬೇರೆ ಇದೆ. ಆ ತಿಂಗಳು ಆ ಕಡೆ ತಲೆ ಹಾಕಬೇಡಿ.

ಕ್ಯಾಶಲ್‌ನಲ್ಲಿ ಬಂಡೆ ಇಳಿದು ಹೋರ್ ಆಬಿಗೂ ಹೋಗಿ. ಹಸು ಮೇಯುವ ಹೊಲದಲ್ಲಿರುವ ಪಾಳು ಮಠ, ದುಡ್ಡು ಕೊಡುವ ಹಾಗಿಲ್ಲ. ಬಂಡೆಯ ಪೂರ್ತಿ ನೋಟ ಸಿಗುವುದೂ ಇಲ್ಲಿಂದಲೇ. ಕೆಸರಿರುತ್ತದೆ, ಶೂ ಬೇಕು. ಭಾನುವಾರ ಬಸ್ಸು ಕಡಿಮೆ, ಊರು ಬದಲಿಸುವ ಕೆಲಸ ಅವತ್ತು ಇಟ್ಟುಕೊಳ್ಳಬೇಡಿ. ಸ್ಟಾಪಿನಲ್ಲಿ ಸುಮ್ನೆ ನಿಂತರೆ ಬಸ್ಸು ಮುಂದೆ ಹೋಗಿಬಿಡುತ್ತದೆ, ಕೈ ಅಡ್ಡ ಮಾಡಿ. ಇನ್ನೊಂದು, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಾಲುವ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯುವುದಿಲ್ಲ.