ಸೂಲಗಿತ್ತಿ ನರಸಮ್ಮಜ್ಜಿಯ ನೆನಪು

ಪಾವಗಡದ ಸೂಲಗಿತ್ತಿ ನರಸಮ್ಮನವರು 2018ರ ಡಿಸೆಂಬರ್ 25ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತ್ತು. ಓದುಬರಹ ಕಲಿಯದ ಅಜ್ಜಿಯೊಬ್ಬರಿಗೆ ಸಂದ ಈ ಗೌರವ ಅದೇ ಜಿಲ್ಲೆಯವಳಾದ ನನಗೆ ದೊಡ್ಡ ಹೆಮ್ಮೆ. ಆದರೂ ನಾನು ಹೆಚ್ಚಾಗಿ ನೆನೆಯುವುದು ಅದಕ್ಕೂ ಹಿಂದಿನ, ಹೊರಗಿನವರ ಕಣ್ಣಿಗೆ ಬೀಳದೆ ಅವರು ದುಡಿದ ಏಳು ದಶಕಗಳನ್ನು.

ಪಾವಗಡ ತಾಲ್ಲೂಕಿನ ಕೃಷ್ಣಾಪುರ ಅವರ ಊರು. ಮೂರು ದಿಕ್ಕಿಗೂ ಆಂಧ್ರದ ಗಡಿ ಸುತ್ತುವರಿದ, ಮಳೆಯನ್ನು ಎಂದೂ ನೆಚ್ಚಲಾಗದ ಸೀಮೆ ಅದು. ಹನ್ನೆರಡರ ಪ್ರಾಯಕ್ಕೆ ಮದುವೆ. ಹೆತ್ತದ್ದು ಹನ್ನೆರಡು ಮಕ್ಕಳನ್ನು, ಅವುಗಳಲ್ಲಿ ಕೆಲವನ್ನು ಎಳವೆಯಲ್ಲೇ ಕಳೆದುಕೊಂಡರು. ಹೆರಿಗೆಯ ವಿದ್ಯೆ ಬಂದದ್ದು ಅಜ್ಜಿ ಮರಿಗೆಮ್ಮನವರಿಂದ. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ತಮ್ಮ ಬಂಧುವೊಬ್ಬರ ಹೆರಿಗೆ ಮಾಡಿಸಿದ್ದೇ ಮೊದಲು. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಯ ಔಷಧಗಳನ್ನು ಕಲಿತರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಯಾವ ಕಡೆಗಿದೆ, ನಾಡಿ ಹೇಗಿದೆ ಎಂದು ತಿಳಿಯಬಲ್ಲವರಾಗಿದ್ದರು.

ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. ಏಳು ದಶಕಕ್ಕೆ ಹಂಚಿದರೆ ವಾರಕ್ಕೆ ನಾಲ್ಕು. ಹಣ ಕೇಳಲಿಲ್ಲ ಎಂದು ಎಲ್ಲರೂ ಬರೆದರು, ಆದರೆ ಆ ಮಾತಿನ ಭಾರ ನಮಗೆ ಪೂರ್ತಿ ಹೊಳೆದಂತಿಲ್ಲ. ಅವರು ಹೊಲಗಳಲ್ಲಿ ಕೂಲಿ ಮಾಡಿ ಬದುಕಿದವರು. ಕೂಲಿಯವರಿಗೆ ಒಬ್ಬ ಬಸುರಿಯ ಪಕ್ಕದಲ್ಲಿ ರಾತ್ರಿಯಿಡೀ ಕುಳಿತರೆ ಮರುದಿನದ ಕೂಲಿ ತಪ್ಪಿತೆಂದೇ ಅರ್ಥ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದಾಗಲೂ ಅವರು ಎದ್ದು ಹೋದರು.

ನಮ್ಮ ಊರಿನಲ್ಲೂ ಅಂಥ ಅಜ್ಜಿಯೊಬ್ಬರಿದ್ದರು. ಅಕ್ಕನ ಬಾಣಂತನದಲ್ಲಿ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮುಂಗೈಗೆ ನೀರು ಸುರಿದುಕೊಂಡು ಹದ ನೋಡಿ, ಕೂಸನ್ನು ಮೊಣಕಾಲುಗಳ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತೀಡುತ್ತಿದ್ದರು. ಮಿಂದ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿದು, ಕುಲಾವಿ ಕಟ್ಟಿ ಕೊಟ್ಟ ಮೇಲೆಯೇ ಅವರಿಗೆ ಕಾಫಿ. ಪುರುಡಿನ ಮನೆಯೆಂದು ನೆಂಟರೇ ದೂರ ನಿಲ್ಲುತ್ತಿದ್ದ ದಿನಗಳಲ್ಲಿ ರಕ್ತ, ಮಾಸು ಎಲ್ಲವನ್ನೂ ಬರಿಗೈಯಲ್ಲಿ ಎತ್ತಿ ಶುಚಿಮಾಡಿದವರು ಇಂಥ ಹೆಂಗಸರು. ಅವರಿಗೆ ಸಿಗಬೇಕಾಗಿದ್ದ ಮರ್ಯಾದೆಯನ್ನು ಊರು ಕೊಡಲಿಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ರಕ್ತಸ್ರಾವ ನಿಲ್ಲದಿದ್ದರೆ ಅಥವಾ ನಂಜೇರಿದರೆ ಎಂಥ ನುರಿತ ಕೈಯೂ ಸೋಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಇದು ಸಂತೋಷದ ಸುದ್ದಿ. ಆದರೆ ನೋವು ತಿನ್ನುವವಳ ಬೆನ್ನು ನೀವುತ್ತಾ, ಧೈರ್ಯ ಹೇಳುತ್ತಾ ಕೂರುವವರ ಜಾಗ ಖಾಲಿಯಾಗಿದೆ. ಹೆರಿಗೆ ಕೋಣೆಯಲ್ಲಿ ತಾಯಿಗೆ ಬೇಕಾದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ. ನಮ್ಮ ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮಂಚದ ಪಕ್ಕ ಅಂಥವರಿಗಾಗಿ ಒಂದು ಕುರ್ಚಿ ಹಾಕಿಸಿ, ಅಲ್ಲಿ ನರಸಮ್ಮನವರ ಹೆಸರು ಬರೆಸಬೇಕೆಂಬುದು ನನ್ನ ಕೋರಿಕೆ.